ದನದ ದವಾಖಾನಿಯೊಳಗ ಯಾರೂ ಇಲ್ಲೇನ್ರಿ?

ದನದ ದವಾಖಾನಿಯೊಳಗ ಕೆಲಸಾ ಮಾಡೋರು ಸಂಜೀಕ ಮನಿಗೆ ಹೋಗಿ ನಗಲಾರದ ಉಂಡ್ರು ಅಂದ್ರ, ಅವತ್ತು ದವಾಖಾನಿಗೆ ಸೂಟಿ ಇತ್ತು ಅಂತ ತಿಳೀರಿ. ನಾ ಈ ಕೆಲಸಕ್ಕ ಹತ್ತಿ ಹನ್ನೆರಡು ವರ್ಷ ಆತು. ಏನರೆ ಒಂದು ಆಗತೈತಿ, ಆಗಲಾರದ ಬಿಡೂದಿಲ್ಲ. ಸೂಟಿ ದಿನಾ ಮನಿ ಬಾಗಲಕ್ಕ ಯಾರರೆ ಆಡು ಎಳಕೊಂಡು ಬಂದ್ರಂತೂ ಕೇಳೂದ ಬ್ಯಾಡ.

ಆದ್ರ ಭಾಳ ನಗಿಸಿದ್ದು, ನಾಕ ಸಲ ಅಳಿಸಿದ್ದು, ಮೊದಲನೇ ವರ್ಷ. ನಾ ಕಲಿಯಾಕ ಹೋಗಿದ್ದ ವರ್ಷ.

ನನ್ನ ತವರಮನಿ ಬನಹಟ್ಟಿ. ನಮ್ಮದು ನೇಕಾರರ ಮನಿತಾನ. ಮನ್ಯಾಗ ಆರು ಲೂಮ್ ಇದ್ದವು, ಒಂದು ಕೋಳಿ ಸೈತ ಇದ್ದಿಲ್ಲ. ಲಗ್ನ ಆಗಿ ಮುಧೋಳಕ್ಕ ಬಂದ ಮ್ಯಾಲೂ ದಿನಾ ಮುಂಜಾನೆ ಬಸ್ ಹತ್ತಿ ಹೋಗಿ ಅವ್ವನ ಲೂಮ್ ಮುಂದ ನಿಂದರತಿದ್ನಿ. ಮೂವತ್ತೊಂದನೇ ವಯಸ್ಸಿಗೆ ಬಲಗಿವಿ ಮಂದ ಆತು. ಕಿವಿ ಡಾಕ್ಟರು, "ಇನ್ನ ಲೂಮ್ ಬಿಡ್ರಿ ಬಾಯಾರ, ಎಡಗಿವಿನೂ ಹೋದೀತು" ಅಂದ್ರು. ಅದ ಹೊತ್ತಿಗೆ ಹೆಣ್ಣಮಕ್ಕಳಿಗೆ ದನಾಕರದ ಆರೈಕಿ ಕಲಸೂ ಒಂದು ಯೋಜನಾ ಬಂತು. ಒಂದು ವರ್ಷ ದವಾಖಾನಿಯೊಳಗ ಹಿರೇರ ಕೈಕೆಳಗ ದುಡದು ಕಲೀಬೇಕು. ಕಡೀಕ ಅವರು ನಮ್ಮ ವಹಿಯೊಳಗ ಸಹಿ ಹಾಕಬೇಕು. ಸಹಿ ಬಿತ್ತು ಅಂದ್ರ ಕೆಲಸಾ, ಬೀಳಲಿಲ್ಲ ಅಂದ್ರ ಹೊಳ್ಳಿ ಲೂಮ್.

ಅವ್ವ ನನ್ನ ಲೂಮ್ ಯಾರಿಗೂ ಕೊಡದ ಹಂಗ ಖಾಲಿ ಇಟ್ಟಿದ್ಳು. ಮಗಳ ಮ್ಯಾಲ ಅಷ್ಟು ಭರೋಸಾ ಆಕಿಗೆ.

೧. ಮೊದಲನೇ ದಿನಾ

ಲೋಕಾಪುರ ದಾಟಿ ಬೀಳಗಿ ಕಡೆ ಹೋಗೂ ಹಾದಿಯೊಳಗ ಒಂದು ಸಣ್ಣ ಊರು. ಎರಡು ಖೋಲಿ ದವಾಖಾನಿ, ಮುಂದ ಬೇವಿನ ಗಿಡಾ, ಅದರ ಬುಡಕ ದನಾ ನಿಂದರಸೂ ಕಬ್ಬಿಣದ ಪೈಪಿನ ಚೌಕಟ್ಟು. ಡಾಕ್ಟರ ಸಾಹೇಬ್ರಿಗೆ ಮೂರು ಊರಿನ ಜವಾಬ್ದಾರಿ, ಹಿಂಗಾಗಿ ವಾರದಾಗ ಎರಡ ದಿನಾ ಬರತಿದ್ರು. ಉಳದ ದಿನಾ ಎಲ್ಲಾ ನಡಸಾವ್ರು ಕಂಪೌಂಡರ್. ಊರ ಮಂದಿ ಎಲ್ಲಾ ಅವರಿಗೆ ಕಾಕಾ ಅಂತಿತ್ತು, ನಾನೂ ಕಾಕಾ ಅಂದ್ನಿ. ನನಗ ಕಲಸೋರೂ ಅವರ, ಸಹಿ ಹಾಕೋರೂ ಅವರ.

ಮೊದಲನೇ ದಿನಾ ಕಾಕಾ, "ಐದ ಮಿನಿಟು, ಚಾ ಕುಡದ ಬರ್ತೇನಿ" ಅಂತ ಹ್ವಾದ್ರು. ನಾ ಬಾಗಲದಾಗ ನಿಂತಿದ್ನಿ. ಒಬ್ಬ ಮುದುಕ ಆಡು ಎಳಕೊಂಡು ಬಂದ. ನನ್ನ ನೋಡಿದ. ನನ್ನ ಭುಜದ ಮ್ಯಾಲಿಂದ ಒಳಗ ಹಣಿಕಿ ಹಾಕಿದ.

"ಯಾರೂ ಇಲ್ಲೇನ್ರಿ?"

"ನಾ ಅದೇನಲ್ರಿ" ಅಂದ್ನಿ.

"ಅದ ಖರೆ ಬಿಡ್ರಿ. ಯಾರೂ ಇಲ್ಲೇನು?"

ಕಾಕಾನ ಐದು ಮಿನಿಟು ಒಂದು ತಾಸ ಆತು. ಅಷ್ಟರಾಗ ಮುದುಕ ನನ್ನ ಕೈಯಾಗ ಆಡಿನ ಹಗ್ಗಾ ಕೊಟ್ಟು ಬೀಡಿ ಸೇದಿ ಬಂದ. ನನ್ನ ಕಡೆ ನೀರ ಇಸಕೊಂಡು ಕುಡದ, ಆಡಿಗೂ ಕುಡಿಸಿದ. ಆಡಿಗೆ ಹೊಟ್ಟಿ ಉಬ್ಬಿತ್ತು, ಅದರ ಹೊಟ್ಟಿ ತಿಕ್ಕಿ ತಿಕ್ಕಿ ನನ್ನ ರಟ್ಟಿ ಬಿದ್ದು ಹ್ವಾದವು. ಅದು ನನ್ನ ಸೆರಗು ಅರ್ಧಾ ಮೊಳ ತಿಂತು. ಕಾಕಾ ಬಂದ ಕೂಡಲೇ ಮುದುಕ ತಕರಾರು ಹೇಳಿದ:

"ಒಂದ ತಾಸ ಆತು ನೋಡ್ರಿ ಕಂಪೌಂಡರ, ಇಲ್ಲಿ ಒಂದ ನರಪಿಳ್ಳಿ ಇಲ್ಲ!"

ಅವತ್ತು ಸಂಜೀಕ ನಾ ಕಣ್ಣಾಗ ನೀರು ತಂದು ಕೇಳಿದ್ನಿ. "ಕಾಕಾ, ಯಾವಾಗ ಸಹಿ ಮಾಡತೀರಿ?"

ಕಾಕಾ ನನ್ನ ಹರದ ಸೆರಗು ನೋಡಿ ಅಂದ್ರು: "ದನಾ ಹಿಡಕೊಂಡು ಬಂದ ಒಬ್ಬ ಮನಶಾ ನನ್ನ ಬಿಟ್ಟು ನಿನ್ನ ಕೇಳಬೇಕು ನೋಡ ತಂಗಿ. ಅವತ್ತ ಮಾಡತೇನಿ. ಒಂದ ಸಲ ಕೇಳಿದ್ರ ಸಾಕು." ಆಮ್ಯಾಲ ಮೆಲ್ಲಕ ಅಂದ್ರು, "ಆಡು ಕೇಳಿದ್ರ ನಡಿಯೂದಿಲ್ಲ ಮತ್ತ. ಅದಕ್ಕ ನಿನ್ನ ರುಚಿ ಹತ್ತೇತಿ."

೨. ನೊಣ ಹಾರಬಾರದು

ಲೂಮ್ ಇದ್ದ ಊರವರ ಮಾತು ಕೇಳೀರಿ? ಆರು ಲೂಮ್ ಖಟಖಟ ಅನ್ನೂ ಮನ್ಯಾಗ ಉಪ್ಪಿನ ಡಬ್ಬಿ ಎಲ್ಲೈತಿ ಅಂತ ಕೇಳಬೇಕಂದ್ರ ಮಗ್ಗಲ ಓಣಿ ಮಂದಿ ಉಪ್ಪು ತಂದು ಕೊಡೂಹಂಗ ಒದರಬೇಕು. ಹುಟ್ಟಿದಾಗಿಂದ ಹಂಗ ಬೆಳದಾಕಿ ನಾ. ನನಗ ಅದು ಒದರೂದು ಅಂತ ಗೊತ್ತ ಇದ್ದಿಲ್ಲ, ಮಾತು ಅಂತ ತಿಳದಿದ್ನಿ.

ಒಂದು ಮನಿಗೆ ಕಾಕಾನ ಸಂಗಟ ಎಮ್ಮಿ ನೋಡಾಕ ಹೋದ್ನಿ. ಮನಿ ಹೆಣ್ಣಮಗಳು ಹಾಲು ಹಿಂಡಾಕತ್ತಿದ್ಳು. ನಾ ನನ್ನ ಮಟ್ಟಿಗೆ ಭಾಳ ಮೆತ್ತಗ, ಮರ್ಯಾದಿಲೆ ಕೇಳಿದ್ನಿ: "ಎಷ್ಟನೇ ಸೂಲರೀ ಇದು?"

ಎಮ್ಮಿ ಬಕೀಟ ಒದ್ದು ಹಾಲೆಲ್ಲಾ ಏರಿಸ್ಕೊಂಡ್ತು. ಕರ ಹಗ್ಗ ಕಿತ್ಕೊಂಡು ಅಡಗಿ ಮನಿಗೆ ಹೊಕ್ತು. ಒಳಗ ಆ ಹೆಣ್ಣಮಗಳ ಅತ್ತಿ ರೊಟ್ಟಿ ಬಡಿಯಾಕತ್ತಿದ್ಳು, ಆಕಿ ಗಾಬರಿಯಾಗಿ "ನಾಕನೇ ಸೂಲು!" ಅಂತ ಒಳಗಿಂದನ ಒದರಿದ್ಳು.

ಕಾಕಾ ಹೊರಗ ಬಂದು ಕೇಳಿದ್ರು. "ತಂಗಿ, ನೀ ಕೇಳಿದ್ದು ಇವರಿಗೋ, ಬಾಗಲಕೋಟಿಯವರಿಗೋ?"

ಅವತ್ತಿಂದ ಶಿಕ್ಷಾ ಚಾಲೂ ಆತು. ಕಾಕಾ ಒಂದು ಎಮ್ಮಿ ಮುಂದ ನಿಂದರಿಸಿ, "ಅದರ ಕಿವಿ ಮ್ಯಾಲ ನೊಣ ಕುಂತೈತಿ, ಕಂಡ್ತಿಲ್ಲೋ? ನೀ ಮಾತಾಡಬೇಕು, ನೊಣ ಹಾರಬಾರದು" ಅನ್ನಾವ್ರು. ನಾ ಮಾತಾಡಾಕಿ, ನೊಣ ಹಾರೂದು. ಹದಿನೈದು ದಿನಾ ಆದ ಮ್ಯಾಲ ಒಂದ ನೊಣ ಕುಂತ ಉಳೀತು. ಆ ಖುಷಿಗೆ ನಾ "ಕಾಕಾ!" ಅಂದ್ನಿ, ಅದೂ ಹಾರಿ ಹೋತು. ಆದ್ರೂ ತಿಂಗಳೊಪ್ಪತ್ತಿನ್ಯಾಗ ನನ್ನ ದನಿ ಇಳೀತು. ಎಮ್ಮಿ ಮೈ ಮ್ಯಾಲ ಕೈ ಇಟ್ಟು "ಏನ ಆಗೇತವ್ವಾ ನಿನಗ" ಅಂತ ಮೆಲ್ಲಕ ಅಂದ್ರ ಅದು ಕಣ್ಣು ಮುಚ್ಚಿ ಮೆಲಕು ಹಾಕತಿತ್ತು. ಜೀವ ತಂಪ ಆಗತಿತ್ತು ನನಗ. ಲೂಮಿಗೆ ಹತ್ತು ವರ್ಷ ಮಾತಾಡೇನಿ, ಒಂದ ದಿನಾ ಅದು ಹಂಗ ಮಾಡಿದ್ದಿಲ್ಲ.

ಒಂದ ಐತವಾರ ಬನಹಟ್ಟಿಗೆ ಹೋದ್ನಿ. ಲೂಮ್ ನಡದಿದ್ವು. ನಾ ರೂಢಿ ಆದ ಹೊಸ ದನಿಯೊಳಗ ಮಾತಾಡಿದ್ನಿ. ಅವ್ವಗ ನನ್ನ ತುಟಿ ಹಾರೂದು ಅಷ್ಟ ಕಂಡ್ತು. ನನ್ನ ಮಾರಿ ನೋಡಿದ್ಳು, ತಲಿ ಮ್ಯಾಲ ಕೈಯಾಡಿಸಿದ್ಳು. ಮೂರನೇ ದಿನಕ್ಕ ಬುತ್ತಿ ಗಂಟು ಕಟಗೊಂಡು, ಇಬ್ಬರು ಸ್ವಾದರಮಾವಂದಿರನ್ನ ಕರಕೊಂಡು ಮುಧೋಳಕ್ಕ ಬಂದಬಿಟ್ಳು. ನಮ್ಮ ಮನಿಯವರು ಟೆಂಪೋ ನಡಸತಾರ, ಆಗಷ್ಟ ಬಂದು ಕಾಲ ತೊಳಕೊಳ್ಳಾಕತ್ತಿದ್ರು. ಅವರನ್ನ ಹಂಗ ಹಸಿಗಾಲಲೇ ಕುಂಡ್ರಿಸಿ ಅವ್ವ ಕೇಳಿದ್ಳು: "ಏನ ಮಾಡೀಯಪಾ ನನ್ನ ಮಗಳಿಗೆ? ದನಿನ ಅಡಗಿ ಹೋಗೇತಿ ಆಕೀದು!"

ನಮ್ಮ ಮನಿಯವರು ಎರಡೂ ಕೈ ಮುಗದ್ರು.

"ಅತ್ತಿ, ಲಗ್ನ ಆಗಿ ಹತ್ತ ವರ್ಷದಾಗ ಇದೊಂದ ತಿಂಗಳು ಆರಾಮ ಅದೇನಿ. ಹಾಳ ಮಾಡಬ್ಯಾಡ್ರಿ."

೩. ಎತ್ತಿನ ಸೆರಗು

ಕಬ್ಬಿನ ಹೊಲದ ಮುಳ್ಳತಂತಿ ತಾಗಿ ಒಂದು ಎತ್ತಿನ ಭುಜ ಗೇಣುದ್ದ ಹರದಿತ್ತು. ಅವತ್ತು ಕಾಕಾ ಚಸಮಾ ಮನ್ಯಾಗ ಬಿಟ್ಟು ಬಂದಿದ್ರು. ಗಾಯದ ಜಾಗಾ ಜೋಮ ಹಿಡಿಸೂ ಸೂಜಿ ಅವರ ಹಾಕಿದ್ರು. ಹೊಲಿಯೂ ಸೂಜಿ ದಾರ ನನ್ನ ಕೈಗೆ ಕೊಟ್ಟು, "ಹೆದರಬ್ಯಾಡ, ಹಾಕು" ಅಂದ್ರು.

ಹೆದರೂದು? ನನ್ನ ಕೈಯಾಗ ದಾರ ಬಂದಿತ್ತರೀ! ಆರು ತಿಂಗಳ ಮ್ಯಾಲ ಮೊದಲನೇ ಸಲ ನನಗ ಗೊತ್ತಿದ್ದ ವಸ್ತು ನನ್ನ ಕೈಯಾಗ ಬಂದಿತ್ತು. ಎಳಿಗೆ ಎಳಿ ಕೂಡಿಸಿ, ತೊಗಲಿನ ಅಂಚಿಗೆ ಅಂಚ ಹಚ್ಚಿ, ನೇಕಾರರ ಸಣ್ಣ ಗಂಟು ಹಾಕ್ಕೋಂತ ಹಾಕ್ಕೋಂತ ಹೋದ್ನಿ. ಎತ್ತಿನ ಮಾಲಕ ಬಾಯಿ ತಕ್ಕೊಂಡು ನೋಡಾಕತ್ತಿದ್ದ. ಮುಗಿಸಿ ಬೆವರ ಒರಸಿಕೊಂಡ್ನಿ. ಕಾಕಾ ಬಗ್ಗಿ, ಕಣ್ಣ ಸಣ್ಣ ಮಾಡಿ, ಬೆರಳಾಡಿಸಿ ನೋಡಿದ್ರು.

"ಎಷ್ಟ ಹಾಕೀ?"

"ನಲವತ್ತೊಂದು."

"ಹತ್ತು ಸಾಕಾಗಿತ್ತಲ್ಲೋ ಯವ್ವಾ! ಗಾಯಾ ಹೊಲದದ್ದಲ್ಲ ಇದು, ಸೆರಗ ನೇದೀ. ಎತ್ತೇನು ಸೀರಿ ಉಟಗೊಂಡು ಮದವಿಗೆ ಹೊಂಟೈತೇನು?" ಅಂದು ನಗಾಕ ಹತ್ತಿದ್ರು. ನಕ್ಕಾದ ಮ್ಯಾಲ ಕೆಳಗಿನ ನಾಕು ಹೊಲಿಗಿ ಕತ್ತರಿಸಿ, ನನ್ನ ಕೂಡಿಸ್ಕೊಂಡು ತಿಳಿಸಿ ಹೇಳಿದ್ರು. "ಅರಿಬ್ಯಾಗ ಸಂದಿ ಇರಬಾರದು, ಖರೆ. ಗಾಯದಾಗ ಸಂದಿ ಇರಬೇಕು. ಒಳಗಿನ ಕೆಟ್ಟದ್ದು ಹೊರಗ ಬರಾಕ ಹಾದಿ ಬೇಕಲ್ಲ ತಂಗಿ." ಆ ಮಾತು ನಾ ಇವತ್ತಿಗೂ ಮರತಿಲ್ಲ.

ಹದಿನೈದು ದಿನಕ್ಕ ಗಾಯ ಮಾಯ್ತು. ಮಾಲಕ ಆ ಎತ್ತು ಹಿಡಕೊಂಡು ಊರ ತುಂಬ ತೋರಿಸ್ಕೋಂತ ಅಡ್ಡಾಡಿದ. ಮರುವಾರ ಒಬ್ಬ ಹೆಣ್ಣಮಗಳು ದವಾಖಾನಿ ಬಾಗಲಕ್ಕ ಬಂದ್ಳು. "ನಮ್ಮ ಎತ್ತಿಗೆ ಹೊಲಿಗಿ ಹಾಕಿದ ಅಕ್ಕಾರು ಎಲ್ಲದಾರ್ರಿ?"

ಕಾಕಾನ ಕಡೆ ನೋಡಿದ್ನಿ, ಕಾಕಾ ಪೆನ್ ತಗದ್ರು. "ನಾನ ರೀ, ಏನಾಗೇತ್ರಿ ಎತ್ತಿಗೆ?" ಅಂತ ಓಡಿ ಹೋದ್ನಿ.

ಆಕಿ ಬಗಲಾಗಿಂದ ಚೀಲಾ ತಗದ್ಳು. "ಎತ್ತಿಗೇನ ಧಾಡಿರಿ, ಆರಾಮ ಐತಿ. ಈ ಸೀರಿಗೊಂದು ಫಾಲ್ ಹಚ್ಚಿ ಕೊಡ್ರಿ."

೪. ನಾಯಿಯ ಸಾಕ್ಷಿ

ತಿಮ್ಮಾಪುರದ ಕಡಿಂದ ಒಬ್ಬರು ಮುಧೋಳ ನಾಯಿ ತಂದಿದ್ರು, ಕಿವಿ ಹರದಿತ್ತು. ಒಂದ ದಿನಾ ಇಲ್ಲೇ ಇರಲಿ ಅಂತ ಬಿಟ್ಟು ಹ್ವಾದ್ರು. ನಾ ಏನು ಮುಧೋಳ ನಾಯಿ ಕಾಣಲಾರದಾಕಿ ಅಲ್ಲ. ಆ ಜಾತಿನ ಹಂಗ, ತೆಳ್ಳಗ ಇರಬೇಕು. ಗೊತ್ತಿತ್ತು. ಆದ್ರ ಗೊತ್ತಿದ್ರೇನಾತ್ರಿ, ಕಣ್ಣ ಮುಂದ ಬೆನ್ನಿಗೆ ಹತ್ತಿದ ಹೊಟ್ಟಿ, ಎಣಸೂಹಂಗ ಕಾಣೂ ಪಕ್ಕೆಲಬು. ನನ್ನ ಬುತ್ತಿಯೊಳಗಿನ ರೊಟ್ಟಿ ಹಾಲಾಗ ಮುರದು ಹಾಕಿದ್ನಿ. ಮತ್ತ ಕಾಕಾನ ಬುತ್ತೀದೂ ಹಾಕಿದ್ನಿ.

ಮರುದಿನಾ ಮಾಲಕರು ಬಂದು ನೋಡಿದ್ರು. "ನಂದು ಓಡೂ ನಾಯಿ ಇತ್ತಲ್ಲ, ಈ ಎಮ್ಮಿಕರ ಯಾರದು?" ಅಂದ್ರು. ಬೈದು ಎಳಕೊಂಡು ಹ್ವಾದ್ರು. ಎರಡ ದಿನಕ್ಕ ನಾಯಿ ಹಗ್ಗಾ ಹರಕೊಂಡು ಒಂದ ದಮ್ಮಿನ್ಯಾಗ ಓಡಿ ಬಂದು ನನ್ನ ಮುಂದ ಕುಂತ್ತು.

"ಕಾಕಾ, ಇದು ನನ್ನ ಕೇಳಿ ಬಂದೈತಲ್ಲ, ಸಹಿ ಮಾಡ್ರಿ" ಅಂದ್ನಿ.

"ಅದು ನಿನ್ನ ಕೇಳಿಲ್ಲ, ರೊಟ್ಟಿ ಕೇಳೇತಿ" ಅಂದ್ರು ಕಾಕಾ, ತಮ್ಮ ಬುತ್ತಿ ಬೆನ್ನಹಿಂದ ಹಿಡಕೊಂಡು.

೫. ಬಾಗಲಾ ಕಾಯೂ ಎಮ್ಮಿ

ಡ್ಯಾಮಿನ ಹಿನ್ನೀರಿಗೆ ಊರು ಬಿಟ್ಟು ಬಂದು ಹೊಸ ಊರು ಕಟಗೊಂಡ ಮಂದಿ ಬೀಳಗಿ ಕಡೆ ಭಾಳ. ಅಂಥಾ ಒಂದು ಮನ್ಯಾಗ ಒಬ್ಬ ಆಯಿ ಇದ್ಳು. ಆಕೀ ಎಮ್ಮಿ ಹೊಸ ಕೊಟಗ್ಯಾಗ ಹಾಲ ಕೊಡಾಕ ತಯಾರ ಇಲ್ಲ. ಮೇವು ತಿನ್ನತಿದ್ದಿಲ್ಲ, ಕಣ್ಣಾಗ ನೀರು. ಡಾಕ್ಟರು ಗುಳಿಗಿ ಕೊಟ್ರು, ಕಾಕಾ ಟಾನಿಕ್ ಕುಡಿಸಿದ್ರು, ಏನೂ ಆಗಲಿಲ್ಲ. ದಿನಾ ನೋಡಿ ಬಾ ಅಂತ ನನ್ನ ಕಳಸತಿದ್ರು.

ನಾಕನೇ ದಿನಾ ಎಮ್ಮಿ ಕೊಟಗ್ಯಾಗ ಇದ್ದಿಲ್ಲ. ಹಗ್ಗ ಜಗ್ಗಿ ಬಿಚಗೊಂಡು ಮನಿ ಮುಂದ ಬಂದು, ತಲಬಾಗಲದ ಚೌಕಟ್ಟಿಗೆ ಗಂಟಲಾ ಹಚ್ಚಿ ನಿಂತಿತ್ತು.

"ಆಯಿ, ಈ ಬಾಗಲಾ ಭಾಳ ಹಳೇದು ಕಾಣತೈತಿ" ಅಂದ್ನಿ.

"ಹಳೇ ಮನೀದವ್ವಾ. ಗ್ವಾಡಿ ನೀರಾಗ ಹ್ವಾದ್ವು. ಬಾಗಲಾ ಅಷ್ಟ ಕಿತ್ಕೊಂಡು ಚಕ್ಕಡಿ ಮ್ಯಾಲ ಹೇರಕೊಂಡು ಬಂದ್ವಿ." ಆಯಿ ಆ ಕಟಗೀ ಮ್ಯಾಲ ಕೈಯಾಡಿಸಿದ್ಳು. "ಅಲ್ಲಿ ಎಮ್ಮಿ ಒಳಗ ಪಡಸಾಲ್ಯಾಗನ ಕಟ್ಟತಿದ್ವಿ. ದಿನಾ ಇದನ್ನ ದಾಟಿ ಒಳಗ ಬರತಿತ್ತು."

ಔಷಧದ ವಿಚಾರ ನನಗೇನು ಗೊತ್ತಿತ್ತು? "ಇಲ್ಲೇ ಕಟ್ಟಿ ನೋಡೂಣ ಆಯಿ" ಅಂದ್ನಿ. ಬಾಗಲದ ಮಗ್ಗಲಾ ಗೂಟ ಬಡದ್ವಿ. ಎಮ್ಮಿ ಚೌಕಟ್ಟು ನೆಕ್ಕಿತು, ಮೇವಿಗೆ ಬಾಯಿ ಹಾಕಿತು. ಸಂಜೀಕ ಆಯಿ ಕುಂತ್ಳು, ಒಂದ ತಂಬಗಿ ಹಾಲು ಬಂತು. ನಾನೂ ಆಯಿನೂ ಕೂಡಿ ಅತ್ವಿ.

ವಾರ ಬಿಟ್ಟು ಹೋದ್ರ ಎಮ್ಮಿ ಗಟ್ಟಿಯಾಗಿ ಬಾಗಲಾ ಹಿಡದು ನಿಂತೈತಿ. ಬೀಗರು ಬಂದಾರ, ಅಂಗಳದಾಗ ಕುಂತಾರ, ಎಮ್ಮಿ ಒಳಗ ಬಿಡವಲ್ದು. ಆಯಿ ನನ್ನ ನೋಡಿ ಖುಷಿಯಾಗಿ ಬೀಗರಿಗೆ ಹೇಳಿದ್ಳು: "ಈಕೀ ಕೈಲೆ ಡಾಕ್ಟರು ಗುಳಿಗಿ ಕಳಿಸಿದ್ರು ನೋಡ್ರಿ. ಏನ ಗುಳಿಗಿ ಅಂತೀರಿ! ಡಾಕ್ಟರು ದೇವರಂಥಾ ಮನಶಾ."

೬. ಗಂಟು ನಂದು, ಕುರಿ ಬೀರಪ್ಪಂದು

ಮಳಿಗಾಲಕ್ಕ ಮೊದಲ ಕುರಿಗಳಿಗೆ ಸೂಜಿ ಹಾಕಬೇಕು. ಎಷ್ಟು ಕುರಿಗೆ ಹಾಕಿದ್ವಿ ಅಂತ ರಿಜಿಸ್ಟರದಾಗ ಬರೀಬೇಕು. ಒಬ್ಬ ಕುರಿಗಾರ ಅಜ್ಜನ ಹಟ್ಟಿಗೆ ಹೋದ್ವಿ. ಹೆಗಲ ಮ್ಯಾಲ ಕಂಬಳಿ, ಹಣಿ ತುಂಬ ಭಂಡಾರ. ಸೂಜಿಗೆ ಬ್ಯಾಡ ಅನ್ನಲಿಲ್ಲ. ಕಾಕಾ "ಒಂದು, ಎರಡು" ಅಂದ್ರೋ ಇಲ್ಲೋ, ಅಜ್ಜ ಕೋಲ ಅಡ್ಡ ಹಿಡದ.

"ಎಣಸಬ್ಯಾಡ್ರಿ! ಬೀರಪ್ಪ ಕೊಟ್ಟದ್ದು. ಕೊಟ್ಟಾವನ ಮುಂದ ಎಣಸಿದ್ರ ಆಂವ ಏನ ತಿಳಕೊಂಡಾನು?"

ಕಾಕಾ ಸಮಾಧಾನ ಹೇಳಿದ್ರು, ಸಾಹೇಬ್ರ ಹೆಸರ ಹೇಳಿದ್ರು, ಸರಕಾರದ ಹೆಸರ ಹೇಳಿದ್ರು. ಅಜ್ಜಗ ಬೀರಪ್ಪನಕಿಂತ ದೊಡ್ಡ ಸಾಹೇಬರು ಯಾರೂ ಇದ್ದಿಲ್ಲ. ಸೂಜಿಗೆ ಔಷಧ ತುಂಬಿಕೊಂಡು ಎಲ್ಲಾರೂ ಮಾರಿ ಮಾರಿ ನೋಡಕೋಂತ ನಿಂತ್ವಿ.

ನಾ ಚೀಲದಾಗಿಂದ ಹೊಲಿಗಿ ದಾರ ತಗದ್ನಿ. "ಅಜ್ಜಾ, ಕುರಿ ಎಣಸೂದಿಲ್ಲ. ಒಂದೊಂದು ಸೂಜಿಗೆ ನನ್ನ ದಾರಕ್ಕ ನಾ ಒಂದೊಂದು ಗಂಟು ಹಾಕ್ಕೋತೇನಿ. ಅಡ್ಡಿ ಏನು?"

ಅಜ್ಜ ಕೋಲ ಅರ್ಧಾ ಇಳಿಸಿದ. "ದಾರ ಯಾರದು?"

"ನಂದು."

"ಗಂಟು?"

"ಅದೂ ನಂದ."

"ಹಂಗಾರ ನಿನ್ನ ಮನಿ ಮಾತು. ಹಾಕ್ಕೋ ಯವ್ವಾ."

ನೇಕಾರರ ಮನಿಯಾಕಿಗೆ ಗಂಟು ಹಾಕಾಕ ಎಷ್ಟ ಹೊತ್ತು ಬೇಕು? ದವಾಖಾನಿಗೆ ಬಂದು ಗಂಟು ಎಣಸಿದ್ವಿ, ಇನ್ನೂರಾ ಹನ್ನೆರಡು. ಕಾಕಾ ಬರದ್ರು.

ಸಂತಿ ದಿನಾ ಅಜ್ಜ ಒಂದು ಕರಿಮಾರಿ ಕುರಿ ಹಿಡಕೊಂಡು ಬಂದು, "ಕಂಪೌಂಡರ ಇಲ್ಲೇನು?" ಅಂದ. ಇಂವನೂ ನನ್ನ ಕೇಳಲಿಲ್ಲ ಅಂತ ಮನಸಿಗೆ ಚುರ್ ಅಂತು. "ಸಂತಿಗೆ ಹೋಗ್ಯಾರ ಅಜ್ಜಾ, ಬರತಾರ. ಗಂಟು ಎಷ್ಟಾದವು ಹೇಳಲೇನು?" ಅಂದ್ನಿ.

ಅಜ್ಜ ಎರಡೂ ಕಿವಿ ಮುಚಗೊಂಡ. "ಹೇಳಬ್ಯಾಡ! ಎಷ್ಟರೆ ಆಗವಲ್ದ್ಯಾಕ, ಒಂದು ಕಡಿಮಿ ಬಿದ್ದೈತಿ ನಿಂದು. ಇದು ಬೇಲಿ ಹಿಂದ ಉಳದಿತ್ತು."

"ಎಣಸೂದ ಇಲ್ಲ ಅಂತಿ, ಒಂದು ಉಳೀತು ಅಂತ ಹೆಂಗ ಗೊತ್ತಾತು?"

"ಎಣಸೋರಿಗೆ ಎಷ್ಟದಾವು ಅನ್ನೂದು ಗೊತ್ತಾಗತೈತಿ. ನನಗ ಯಾವದಿಲ್ಲ ಅನ್ನೂದು ಗೊತ್ತಾಗತೈತಿ."

ಆ ಕುರಿಗೆ ನಾನ ಸೂಜಿ ಹಾಕಿದ್ನಿ. ಅದರ ಕಿವಿಯಾಗ ಮೆಲ್ಲಕ ಎರಡ ಮಾತಾಡಿ ಹಾಕಿದ್ನಿ, ಅದು ಮಿಸುಕಾಡಲಿಲ್ಲ. ಅಜ್ಜ ಅದನ್ನ ನೋಡಿದ. ನಾ ರಿಜಿಸ್ಟರ ತಗದು ಹನ್ನೆರಡನ್ನ ಹದಿಮೂರು ಮಾಡೂತನಕ ಆಂವ ಬೇವಿನ ಗಿಡದ ಕಡೆ ಮಾರಿ ಮಾಡಿ ಕುಂತ. ಕುರೀದೂ ಮಾರಿ ಹಿಡದು ಆ ಕಡೆ ಹೊಳ್ಳಿಸಿದ್ದ.

೭. ಕಡೀ ದಿನಾ

ವರ್ಷ ಮುಗಿಯಾಕ ಒಂದು ವಾರ ಉಳೀತು. ದನಾ ಹಿಡಕೊಂಡು ನನ್ನ ಕೇಳಿದವರು ಒಬ್ಬರೂ ಇಲ್ಲ. ಅವ್ವ ಫೋನ್ ಮಾಡಿ, "ನಿನ್ನ ಲೂಮಿಗೆ ಹಾಸಿನ ನೂಲು ಏರಿಸೇನಿ, ಸೋಮವಾರ ಬಾ" ಅಂದ್ಳು. ಸಿಟ್ಟಿಲೆ ಅಲ್ಲ, ಮಗಳು ಮನ್ಯಾಗ ಖಾಲಿ ಕುಂಡ್ರಬಾರದು ಅಂತ.

ಕಾಕಾನ ಮಾರಿ ನನಗಿಂತ ಸಣ್ಣ ಆಗಿತ್ತು. ಮಾತು ಆಡಿದ್ರು, ಹಿಂದ ತಗೊಳ್ಳೂ ಮನಶಾ ಅಲ್ಲ. ಗುರುವಾರ ಚಾದ ಅಂಗಡಿಯಾಂವ ಬಾಗಲಕ್ಕ ಬಂದು, ಸಾಲಿ ಹುಡುಗರು ಪಾಠ ಒಪ್ಪಿಸಿದಂಗ, "ಅಕ್ಕಾರು ಅದಾರೇನ್ರಿ? ನನಗ ಅಕ್ಕಾರ ಬೇಕು" ಅಂದ. ಕಾಕಾ ಲಗೂನ ಪೆನ್ನಿನ ಟೊಪ್ಪಿಗಿ ತಗದ್ರು. ನಾ ಕೇಳಿದ್ನಿ, "ಏನಾಗೇತ್ರಿ ದನಕ್ಕ? ದನಾ ಎಲ್ಲೈತಿ?"

ಆಂವ ಗಾಬರಿಯಾಗಿ ಕಾಕಾನ ಕಡೆ ನೋಡಿದ. "ದನಾನೂ ತರಬೇಕು ಅಂತ ನೀವು ಹೇಳಲೇ ಇಲ್ಲಲ್ರಿ ಕಾಕಾ!"

ಕಾಕಾ ಪೆನ್ ಕಿಸೆದಾಗ ಇಟಗೊಂಡು, ಏನೂ ಆಗಲಾರದವರಂಗ ಔಷಧದ ಬಾಟ್ಲಿ ಒರಸಾಕ ಹತ್ತಿದ್ರು. ನಾ ಹಿತ್ತಲಕ್ಕ ಹೋಗಿ ಅತ್ನಿ. ಸಹಿ ಸಿಗಲಿಲ್ಲಂತಲ್ಲ. ನನ್ನ ಸಲುವಾಗಿ ಆ ಹಿರಿ ಮನಶಾ ಚಾದ ಅಂಗಡಿಯಾಂವಗ ಸುಳ್ಳ ಕಲಿಸ್ಯಾರಲ್ಲ ಅಂತ.

ಶನಿವಾರ ಕಡೀ ದಿನಾ. ಡಾಕ್ಟರ ಸಾಹೇಬ್ರು ಬಂದಿದ್ರು. ಅವರೂ ಕಾಕಾನೂ ಮುಂದಿನ ಖೋಲ್ಯಾಗ ಖುರ್ಚಿ ಹಾಕ್ಕೊಂಡು ಕುಂತಿದ್ರು. ಮೇಜಿನ ಮ್ಯಾಲ ನನ್ನ ವಹಿ, ಸಹಿ ಜಾಗಾ ಖಾಲಿ. ನಾ ಹಿತ್ತಲದ ನಳದ ಕಡೆ ಕಡೀ ಸಲ ಕತ್ತರಿ, ಸೂಜಿ ತೊಳಿಯಾಕತ್ತಿದ್ನಿ. ಒಂದೊಂದನ್ನೂ ಎರಡೆರಡ ಸಲ ತೊಳದ್ನಿ.

ಹೊರಗ ಟಂಟಂ ನಿಂತ ಸಪ್ಪಳಾತು. ಅಜ್ಜ ಇಳದು ಬಂದ. ಹೆಗಲ ಮ್ಯಾಲ ಅದ ಕರಿಮಾರಿ ಕುರಿ, ತುಂಬಿದ ಹೊಟ್ಟಿ, ಈಯಾಕ ಆಗಲಾರದ ಒದ್ದಾಡಾಕತ್ತಿತ್ತು. ಬಾಗಲದಾಗ ನಿಂತು ಒಳಗ ನೋಡಿದ. ಡಾಕ್ಟರನ್ನ ನೋಡಿದ. ಕಾಕಾನ್ನ ನೋಡಿದ. ಅವರ ಭುಜದ ಮ್ಯಾಲಿಂದ ಹಿಂದಿನ ಖೋಲಿಗೆ ಹಣಿಕಿ ಹಾಕಿದ.

"ಯಾರೂ ಇಲ್ಲೇನ್ರಿ?"

ಹಿತ್ತಲದಾಗ ನನ್ನ ಕೈಯಾಗಿನ ಕತ್ತರಿ ಬಿತ್ತು.

"ನಾವದೇವಲ್ಲೋ ಅಜ್ಜಾ" ಅಂದ್ರು ಡಾಕ್ಟರು.

"ನೀವದೀರಿ, ಖರೆ ಐತಿ. ಕುರಿ ಕಿವಿಯಾಗ ಮಾತಾಡೂ ನಮ್ಮವ್ವ ಇಲ್ಲೇನು?"

ವರ್ಷದ ಶಿಕ್ಷಾ ಎಲ್ಲಾ ಅವತ್ತು ನೀರಾಗ ಹೋತು. "ನಾ ಇಲ್ಲೇ ಅದೇನಿ ಅಜ್ಜಾ!" ಅಂತ ಬನಹಟ್ಟಿ ದನಿ ತಗದ್ನಿ ನೋಡ್ರಿ, ಚೌಕಟ್ಟಿನ್ಯಾಗ ನಿಂತಿದ್ದ ಆಕಳಾ ಹಗ್ಗ ಹರಕೊಂಡು ಓಡಿ ಹೋತು.

ಕುರಿ ಒಳಗ ಕೈ ಹಾಕಿದ್ನಿ. ಡಾಕ್ಟರು ಮಗ್ಗಲಕ ನಿಂತು ಹಿಂಗ ಹಿಂಗ ಅಂತ ಹೇಳತಿದ್ರು, ಅವರ ಕೈ ದೊಡ್ಡದು, ಒಳಗ ಹೋಗತಿದ್ದಿಲ್ಲ. ಮರಿ ಮುಂಗಾಲು ಹಿಂದಕ್ಕ ಮಡಚಿತ್ತು. ಲೂಮಿನ ಹಾಸಿನೊಳಗ ಕಡದ ಎಳಿ ಕಣ್ಣಿಗೆ ಕಾಣೂದಿಲ್ಲ, ಬೆರಳಿಗೆ ಹತ್ತತೈತಿ. ಹಂಗ ತಡವರಿಸಿ ತಡವರಿಸಿ ಗೊರಸು ಹಿಡದ್ನಿ, ಅಂಗೈಯಾಗ ಮುಚ್ಚಿ ಮೆಲ್ಲಕ ಮುಂದ ತಂದ್ನಿ. ಅಷ್ಟೂ ಹೊತ್ತು ಕುರಿ ಕೂಡ ಮಾತಾಡಿದ್ನಿ, ಒಂದ ನೊಣ ಹಾರಲಿಲ್ಲ. ಮರಿ ಹೊರಗ ಬಂತು. ಉಸರಿಲ್ಲ. ಅಜ್ಜ ಅದರ ಹಿಂಗಾಲು ಹಿಡದು ತೂಗಿದ, ನಾ ಮೂಗ ಒರಸಿ ಎದಿ ತಿಕ್ಕಿದ್ನಿ. ತಿಕ್ಕಿದ್ನಿ, ತಿಕ್ಕಿದ್ನಿ. ಮರಿ ಸೀನಿತು. ಅಜ್ಜ "ಬೀರಪ್ಪಾ!" ಅಂತ ನೆಲದ ಮ್ಯಾಲ ಕುಂತಬಿಟ್ಟ.

ಕೈ ತೊಳಕೊಂಡು ಒಳಗ ಬಂದ್ರ ವಹಿಯೊಳಗ ಸಹಿ ಆಗಿತ್ತು. ಮಸಿನೂ ಒಣಗಿತ್ತು.

"ಯಾವಾಗ ಮಾಡಿದ್ರಿ ಕಾಕಾ?"

"ಅಜ್ಜ ಕೇಳಿದಾಗನ."

"ಮರಿ ಬದಕತೈತೋ ಇಲ್ಲೋ ಗೊತ್ತಾಗೂಕಿಂತ ಮೊದಲ?"

"ಕೇಳಿ ಬಂದ್ರ ಮಾಡತೇನಿ ಅಂದಿದ್ನಿ. ಬದಕಿಸಿದ್ರ ಅಂದಿದ್ನೇನು? ಅದು ನಮ್ಮ ಕೈಯಾಗ ಇಲ್ಲ ತಂಗಿ" ಅಂದ್ರು ಕಾಕಾ. ಚಸಮಾ ತಗದು ಧೋತರದ ಚುಂಗಿಲೆ ಒರಸಿಕೊಂಡ್ರು. ಚಸಮಾ ಸ್ವಚ್ಛನ ಇತ್ತು.

ಡಾಕ್ಟರ ಸಾಹೇಬ್ರಿಗೆ ಒಂದ ಮಾತು ಒಳಗ ಕೊರಿಯಾಕತ್ತಿತ್ತು. ಅಜ್ಜ ಮರಿ ಕಂಬಳ್ಯಾಗ ಸುತಗೊಂಡು ಎದ್ದಾಗ ಕೇಳೇಬಿಟ್ರು. "ಅಲ್ಲೋ ಅಜ್ಜಾ, ನಾ ಕುಂತಿದ್ನಿ, ಕಾಕಾ ಕುಂತಿದ್ರು. ಇಬ್ಬರು ಇಷ್ಟ ದೊಡ್ಡ ಮನಶಾರು ಕಣ್ಣ ಮುಂದ ಇದ್ರೂ ಯಾರೂ ಇಲ್ಲೇನು ಅಂದ್ಯಲ್ಲೋ?"

ಅಜ್ಜ ಕೈ ಮುಗದ.

"ಸಿಟ್ಟಾಗಬ್ಯಾಡ್ರಿ ಸಾಹೇಬ್ರ. ಇಬ್ಬರದೀರಿ ಅನ್ನೂದು ಎಣಸೋರಿಗೆ ಗೊತ್ತಾಗತೈತ್ರಿ. ನಾ ಎಣಸೂದಿಲ್ಲ. ನನಗ ಯಾರಿಲ್ಲ ಅನ್ನೂದು ಅಷ್ಟ ಕಾಣತೈತಿ."